ಓಜೆಲ್ಲಾ ಹಾಡು ನಿಲ್ಲಿಸಿದ ಶನಿವಾರ

ನಲವತ್ತು ವರ್ಷ ಒಂದೇ ಮೈಕಿನ ಮುಂದೆ ಭುಜಕ್ಕೆ ಭುಜ ತಾಗಿಸಿ ಹಾಡಿದವನನ್ನು ಓಜೆಲ್ಲಾ ಟಿಬ್ಸ್ ಗುರುತೇ ಇಲ್ಲದವನಂತೆ ನೋಡಿದ್ದನ್ನು ನಾನು ಕಣ್ಣಾರೆ ಕಂಡವನು. ಆವತ್ತು ಅವಳ ಹಿಂದೆಯೇ ಬೇಸ್ ಗಿಟಾರ್ ಹಿಡಿದು ನಿಂತಿದ್ದೆ.

ಓಜೆಲ್ಲಾ ಅಮೆರಿಕದ ಮೆಂಫಿಸ್ ಊರಿನ ನಮ್ಮ ಆರೆಂಜ್ ಮೌಂಡ್ ಕೇರಿಯವಳು. ವಾರವಿಡೀ ಶಾಲೆಯ ಅಡುಗೆಮನೆಯಲ್ಲಿ ಕೆಲಸ, ಶನಿವಾರ ಭಾನುವಾರ ಹಾಡು. ಜೊತೆಗಾರ ಹೊಸೇಯಾ ಮೇಬ್ರಿ ಸಿಟಿ ಬಸ್ಸಿನ ಡ್ರೈವರು. ಇಬ್ಬರೂ ಒಂದೇ ಚರ್ಚಿನಲ್ಲಿ ಹಾಡು ಕಲಿತವರು. ಗಂಡ ಹೆಂಡಿರಾ ಅಂತ ಯಾರಾದರೂ ಕೇಳಿದರೆ, "ಇವನ ಗೊರಕೆ ವ್ಯಾನಲ್ಲಿ ಕೇಳೋದೇ ಸಾಕಾಗಿದೆ, ಮನೇಲಿ ಬೇರೆ ಕೇಳ್ಬೇಕಾ?" ಅನ್ನುತ್ತಿದ್ದಳು. ಅವರ ಒಂದು ಪ್ರೇಮಗೀತೆ ಒಂದು ಬೇಸಿಗೆಯಿಡೀ ಊರಿನ ರೇಡಿಯೋದಲ್ಲಿ ಮೊಳಗಿತ್ತು.

ಎಪ್ಪತ್ಮೂರರಲ್ಲಿ ಅವಳ ತಮ್ಮ ಲಮಾರ್‌ನನ್ನು ಕ್ಷೌರದಂಗಡಿ ಮುಂದೆ ಯಾರೋ ಗುಂಡಿಕ್ಕಿ ಕೊಂದರು. ಕಾರು ನಿಲ್ಲಿಸುವ ಜಾಗಕ್ಕೆ ಹುಟ್ಟಿದ ಜಗಳವಂತೆ. ಮಣ್ಣು ಮಾಡಿ ಬಂದ ಮೇಲೆ ಅವಳು ಹೊಸೇಯಾನಿಗೆ ಹೇಳಿದಳು: "ನನಗೆ ಇನ್ನು ಪ್ರೀತಿ ಪ್ರೇಮದ ಹಾಡು ಬಾಯಿಗೆ ಬರಲ್ಲ. ಬಂದೂಕು ಕೆಳಗಿಡಿ ಅಂತ ಹಾಡೋದಾದ್ರೆ ಬಾ. ಇಲ್ದಿದ್ರೆ ಬೇರೆ ಯಾರನ್ನಾದ್ರೂ ನೋಡ್ಕೋ."

ಅವನು ಬಂದ. ಆಮೇಲೆ ಜೈಲು, ಶಾಲೆ, ಕಾರ್ಮಿಕರ ಸಭೆ, ಗುಂಡಿಗೆ ಬಲಿಯಾದ ಮಕ್ಕಳ ಅಂತ್ಯಕ್ರಿಯೆ, ಎಲ್ಲ ಕಡೆ ಇಬ್ಬರೂ ಹೋಗಿ ಹಾಡಿದರು. ಲಿಟ್ಲ್ ರಾಕ್ ಊರಿನ ಒಂದು ಕ್ಲಬ್ಬಿನಲ್ಲಿ ಕಾವಲುಗಾರನ ಸೊಂಟದಲ್ಲಿ ಪಿಸ್ತೂಲು ಕಂಡು ಓಜೆಲ್ಲಾ ಬಾಗಿಲಲ್ಲೇ ನಿಂತುಬಿಟ್ಟಳು. "ಅದು ಹೊರಗೆ ಹೋಗ್ಲಿ, ಆಮೇಲೆ ನಾನು ಒಳಗೆ ಬರ್ತೀನಿ." ಪಕ್ಕದಲ್ಲಿ ಹೊಸೇಯಾ ತಲೆಯಾಡಿಸುತ್ತಿದ್ದ.

ಎರಡು ಸಾವಿರದ ಹನ್ನೊಂದರ ಮೇ ತಿಂಗಳ ಒಂದು ಶನಿವಾರ, ನಮ್ಮ ಚರ್ಚಿನ ಅಂಗಳದಲ್ಲಿ ಬಂದೂಕು ಒಪ್ಪಿಸುವ ಕಾರ್ಯಕ್ರಮ. ಉದ್ದನೆಯ ಮೇಜು, ಇಬ್ಬರು ಪೊಲೀಸರು, ಪಕ್ಕದ ವೇದಿಕೆಯಲ್ಲಿ ನಮ್ಮ ಹಾಡು. ಯಾರದು, ಎಲ್ಲಿಂದ ಬಂತು ಅಂತ ಯಾರೂ ಕೇಳುವಂತಿಲ್ಲ. ಜನ ದಿಂಬಿನ ಚೀಲದಲ್ಲಿ, ಬೂಟಿನ ಪೆಟ್ಟಿಗೆಯಲ್ಲಿ ತಂದು ಇಡುತ್ತಿದ್ದರು. ಒಬ್ಬ ಅಜ್ಜಿ ಮೊಮ್ಮಗನ ಪಿಸ್ತೂಲನ್ನು ಕೇಕಿನ ಡಬ್ಬಿಯಲ್ಲಿ ತಂದಿದ್ದಳು.

ಮೂರನೇ ಹಾಡು ಮುಗಿಯಿತು. ಹೊಸೇಯಾ ವೇದಿಕೆ ಇಳಿದು ಮೇಜಿನ ಹತ್ತಿರ ಹೋದ. ಕೋಟಿನ ಒಳಜೇಬಿನಿಂದ ನೀಲಿ ಕರವಸ್ತ್ರದ ಗಂಟೊಂದನ್ನು ತೆಗೆದು ಬಿಚ್ಚಿದ. ಹಿಡಿ ಸವೆದು ನುಣ್ಣಗಾಗಿದ್ದ ಪುಟ್ಟ ರಿವಾಲ್ವರ್.

ಇದೂ ಕಾರ್ಯಕ್ರಮದ ಭಾಗವೇ ಅಂದುಕೊಂಡು ಒಂದಿಬ್ಬರು ಚಪ್ಪಾಳೆ ತಟ್ಟಿದರು. ಅದೂ ನಡುವೆಯೇ ನಿಂತಿತು.

"ಯಾರದದು?" ಓಜೆಲ್ಲಾ ಮೈಕಿನಲ್ಲೇ ಕೇಳಿದಳು.

"ನಂದು."

"ಯಾವಾಗಿಂದ?"

"ಲಮಾರ್ ಸತ್ತ ವಾರದಿಂದ."

ಅವಳು ಹಿಂದಿದ್ದ ಸ್ಪೀಕರ್ ಪೆಟ್ಟಿಗೆಯ ಮೇಲೆ ಕೂತಳು. ನಾನೋ, ಎಷ್ಟು ಊರುಗಳಲ್ಲಿ ಅವನ ಜೊತೆ ಒಂದೇ ಕೋಣೆಯಲ್ಲಿ ಮಲಗಿದ್ದೆ! ಆ ಕೋಟನ್ನು ನಾನೇ ಎಷ್ಟೋ ಸಲ ಮೊಳೆಗೆ ನೇತುಹಾಕಿದ್ದೆ. ಭಾರ ಅನ್ನಿಸಿತ್ತು, ಬಸ್ಸಿನ ಬೀಗದಕೈ ಗೊಂಚಲು ಅಂದುಕೊಂಡಿದ್ದೆ.

"ಲಿಟ್ಲ್ ರಾಕ್‌ನಲ್ಲಿ?" ಅಂದಳು.

"ಜೇಬಲ್ಲೇ ಇತ್ತು."

"ಶಾಲೆಗಳಲ್ಲಿ?"

"ವ್ಯಾನಲ್ಲಿ ಬಿಟ್ಟು ಬರ್ತಿದ್ದೆ, ಓಜಿ. ಜೈಲಿಗೆ ಹೋದಾಗ್ಲೂ."

"ನಮ್ಮಮ್ಮನ್ನ ಮಣ್ಣು ಮಾಡಿದ ದಿನ? ನನ್ನ ತಬ್ಬಿಕೊಂಡಿದ್ಯಲ್ಲ, ಆಗ?"

ಹೊಸೇಯಾ ಖಾಲಿ ಕರವಸ್ತ್ರವನ್ನು ಮಡಚತೊಡಗಿದ. ಅವಳು ಕೈಚೀಲ ಎತ್ತಿಕೊಂಡು ಜನರ ನಡುವೆ ನೆಟ್ಟಗೆ ನಡೆದು ಹೋದಳು.

ಹದಿಮೂರು ವಾರ ಮಾತಿಲ್ಲ, ಹಾಡಿಲ್ಲ. ಕರಿದ ಮೀನು ಹಿಡಿದುಕೊಂಡು ಅವಳ ಮನೆಗೆ ಹೋದೆ. ಬಾಗಿಲು ಅರ್ಧ ತೆಗೆದು, "ನಿನಗೂ ಗೊತ್ತಿತ್ತಾ?" ಅಂದಳು.

"ದೇವರಾಣೆ ಇಲ್ಲಕ್ಕಾ."

"ದೇವರನ್ನ ಬಿಡು. ನಿಮ್ಮಮ್ಮನ ಮೇಲೆ ಆಣೆ ಇಡು."

ಇಟ್ಟೆ. ಆಮೇಲೆಯೇ ಮೀನು ಒಳಗೆ ಹೋಗಿದ್ದು.

ಆಗಸ್ಟಿನ ಒಂದು ಭಾನುವಾರ ಅವಳೇ ನನ್ನ ಕಾರು ಹತ್ತಿದಳು. "ಅವನ ಮನೆಗೆ ನಡಿ." ಹೊಸೇಯಾ ಜಗಲಿಯಲ್ಲಿ ಬಟಾಣಿ ಬಿಡಿಸುತ್ತಾ ಕೂತಿದ್ದ. ಅವಳು ಕೂರಲಿಲ್ಲ.

"ಯಾಕೋ?"

"ಹೆದರಿಕೆ ಕಣೇ. ಲಮಾರ್‌ನ ಹೊಡೆದೋನು ಸಿಕ್ಕಿರ್ಲಿಲ್ಲ. ನಿನ್ನನ್ನೂ ಹುಡುಕ್ಕೊಂಡು ಬರ್ತಾನೆ ಅನ್ನಿಸ್ತು. ವರ್ಷ ಕಳೀತು, ಯಾರೂ ಬರ್ಲಿಲ್ಲ. ಅಷ್ಟರಲ್ಲಿ ಅದಿಲ್ದೆ ಮನೆಯಿಂದ ಹೊರಗೆ ಕಾಲಿಡೋಕೆ ಆಗ್ತಿರ್ಲಿಲ್ಲ."

"ಮತ್ತೆ ಅವತ್ತು ಯಾಕೆ ಕೊಟ್ಟೆ?"

"ಕೇಕಿನ ಡಬ್ಬಿ ತಂದ ಅಜ್ಜೀನ ನೋಡಿದೆ. ನಾವು ಹಾಡಿದ್ದನ್ನ ಆಯಮ್ಮ ನಿಜ ಅಂತ ನಂಬಿ ಬಂದಿದ್ಳು. ನನಗೆ ನಿಲ್ಲೋಕಾಗ್ಲಿಲ್ಲ."

ಓಜೆಲ್ಲಾ ಅವನ ಕೈಯಲ್ಲಿದ್ದ ಬಟಾಣಿಯನ್ನು ಕಿತ್ತು ಪಕ್ಕಕ್ಕಿಟ್ಟಳು. "ಇನ್ಮೇಲೆ ಎಲ್ಲೇ ಹಾಡಿದ್ರೂ ಮೊದಲು ನೀನು ಇದನ್ನ ಹೇಳ್ಬೇಕು. ಲಿಟ್ಲ್ ರಾಕ್, ವ್ಯಾನು, ನಮ್ಮಮ್ಮನ ದಿನ, ಎಲ್ಲಾ. ಆಮೇಲೆ ನಾನು ಬಾಯಿ ತೆಗೀತೀನಿ."

ಮೊದಲ ಸಲ ಹೇಳಿದ್ದು ಜೈಲಿನಲ್ಲಿ. ನಾವು ಹಾಡುವಾಗ ಸೂರು ನೋಡಿಕೊಂಡು ಕೂರುತ್ತಿದ್ದ ಕೈದಿಗಳೆಲ್ಲ ಆವತ್ತು ಅವನ ಮುಖ ನೋಡಿದರು. ಹಿಂದಿನ ಸಾಲಿನಿಂದ ಒಬ್ಬ, "ಅಲ್ಲಾ ತಾತ, ಇಷ್ಟು ವರ್ಷ ನಮಗೆ ಬುದ್ಧಿ ಹೇಳಿದ್ದು ನೀನೇನಾ?" ಅಂತ ಕೂಗಿದ.

"ನಾನೇ ಕಣಪ್ಪ," ಅಂದ ಹೊಸೇಯಾ. ಯಾರೂ ನಗಲಿಲ್ಲ.

ಅವನ ಗಂಟಲು ಕೈಕೊಡುವವರೆಗೆ, ಇನ್ನೂ ಏಳು ವರ್ಷ, ಇಬ್ಬರೂ ಹಾಡಿದರು. ಪ್ರತಿ ಸಲವೂ ವೇದಿಕೆ ಹತ್ತುವ ಮೊದಲು ಓಜೆಲ್ಲಾ ಎಲ್ಲರೆದುರೇ ಅವನ ಕೋಟನ್ನು ಎರಡೂ ಬದಿ ತಡವಿ ನೋಡುತ್ತಿದ್ದಳು. ಅವನು ಕೈ ಎತ್ತಿ ನಿಲ್ಲುತ್ತಿದ್ದ. ತಮಾಷೆ ಅಂದುಕೊಂಡು ಜನ ನಗುತ್ತಿದ್ದರು. ಅವಳು ಮಾತ್ರ ಒಮ್ಮೆಯೂ ನಗಲಿಲ್ಲ.