ಹೂಡಿಯ ಕಣದಲ್ಲಿ ಮೂರು ಭಾನುವಾರ

ನನ್ನ ಮೊದಲ ಗಾಡಿ ಒಂದು ಮೊಪೆಡ್. ಸೈಕಲ್ಲಿನಂತೆ ಪೆಡಲ್ ಇತ್ತು, ಗೇರ್ ಇರಲಿಲ್ಲ, ಬ್ರೇಕೆಲ್ಲ ಕೈಯಲ್ಲೇ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುತ್ತಿದ್ದೆ. ಎರಡು ರಸ್ತೆ ಆಚೆ, ಟ್ರಾನ್ಸ್‌ಫಾರ್ಮರಿಗೆ ತಾಮ್ರದ ತಂತಿ ಸುತ್ತುವ ಇನ್ನೊಂದು ಕಾರ್ಖಾನೆಯಲ್ಲಿ ನನ್ನ ಹೆಂಡತಿ ಸುತ್ತಿದ ಕಾಯಿಲುಗಳನ್ನು ಮೀಟರಿಗೆ ಹಚ್ಚಿ ಪರೀಕ್ಷೆ ಮಾಡುತ್ತಿದ್ದಳು. ನಮ್ಮ ಮನೆ ಲಗ್ಗೆರೆಯಲ್ಲಿ. ಅವಳ ಶಿಫ್ಟು ನನ್ನದಕ್ಕಿಂತ ಅರ್ಧ ಗಂಟೆ ಮುಂಚೆ, ಆದರೂ ಬೆಳಿಗ್ಗೆ ಒಟ್ಟಿಗೇ ಹೊರಡುತ್ತಿದ್ದೆವು.

ಆ ಮೊಪೆಡ್ಡಿಗೆ ಒಬ್ಬರೆಂದರೆ ಖುಷಿ, ಇಬ್ಬರೆಂದರೆ ಮುನಿಸು. ದಾರಿಯಲ್ಲಿ ಒಂದು ಏರು ಸಿಗುತ್ತಿತ್ತು. ಅದರ ಬುಡಕ್ಕೆ ಬಂದ ಕೂಡಲೇ ನಾನು ಹೇಳುವ ಮೊದಲೇ ಹೆಂಡತಿ ಊಟದ ಡಬ್ಬಿ ಹಿಡಿದು ಕೆಳಗಿಳಿಯುತ್ತಿದ್ದಳು. ಅವಳು ನಡೆದು, ನಾನು ಪೆಡಲ್ ತುಳಿದು ಮೇಲೆ ಹತ್ತುತ್ತಿದ್ದೆವು. ಒಂದು ದಿನ ನಾನು ಏದುಸಿರು ಬಿಡುತ್ತಾ ತುದಿ ಮುಟ್ಟಿದಾಗ ಅವಳು ಆಗಲೇ ಅಲ್ಲಿ ಮರದ ನೆರಳಲ್ಲಿ ನಿಂತಿದ್ದಳು.

"ರೀ, ಇನ್ಮೇಲೆ ಡಬ್ಬಿ ಹಿಡ್ಕೊಂಡು ಮನೆಯಿಂದ್ಲೇ ಓಡಿಬಿಡ್ತೀನಿ. ನೀವು ನಿಧಾನಕ್ಕೆ ಬನ್ನಿ," ಅಂದಳು.

ಅವತ್ತೇ ದೊಡ್ಡ ಗಾಡಿ ತೆಗೆದುಕೊಳ್ಳಬೇಕೆಂದು ತೀರ್ಮಾನಿಸಿದೆ. ಆಗ ಹೊಸ ಗಾಡಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ನಮ್ಮ ಕಾರ್ಖಾನೆಯ ಫೋರ್‌ಮನ್ ಒಂದು ದಾರಿ ತೋರಿಸಿದರು. ವೈಟ್‌ಫೀಲ್ಡ್ ಹತ್ತಿರದ ಹೂಡಿಯಲ್ಲಿ ಅವರಿಗೆ ಗೊತ್ತಿದ್ದ ಒಬ್ಬ ರೈತರ ಬಳಿ ಮುನ್ನೂರೈವತ್ತು ಸಿಸಿಯ ಹಳೇ ಮೋಟಾರ್ ಸೈಕಲ್ ಇದೆ, ಅದರಲ್ಲಿ ಇಷ್ಟು ವರ್ಷ ಹಾಲಿನ ಕ್ಯಾನು ಸಾಗಿಸಿದ್ದಾರೆ, ಈಗ ಮಂಡಿ ನೋವು, ಮಾರುತ್ತಾರೆ ಅಂದರು.

ಮೊದಲ ಭಾನುವಾರ ನಾನೊಬ್ಬನೇ ಮೊಪೆಡ್ಡಿನಲ್ಲಿ ಊರಿನ ಈ ತುದಿಯಿಂದ ಆ ತುದಿಗೆ ಹೋದೆ. ಹೂಡಿ ಆಗ ಪೂರ್ತಿ ಹಳ್ಳಿ. ಗಾಡಿ ದನದ ಕೊಟ್ಟಿಗೆಯಲ್ಲೇ ನಿಂತಿತ್ತು, ಎರಡು ಸೀಮೆ ಹಸುಗಳ ಪಕ್ಕದಲ್ಲಿ, ಹೆಡ್‌ಲೈಟಿನ ಮೇಲೆ ಮೂರು ಗೆರೆ ವಿಭೂತಿ ಬಳಿಸಿಕೊಂಡು. ಯಜಮಾನರಿಗೆ ಅರವತ್ತು ದಾಟಿತ್ತು. ತಲೆಗೆ ಟವೆಲ್ ಸುತ್ತಿದ್ದರು. ನನ್ನನ್ನೂ ನಾನು ಬಂದ ಮೊಪೆಡ್ಡನ್ನೂ ಒಂದು ಸುತ್ತು ನೋಡಿದರು.

"ಎತ್ತು ಮಾರೋವಾಗ್ಲೂ ಕೊಳ್ಳೋನ ಕೈಲಿ ಉಳುಮೆ ಮಾಡ್ಸಿ ನೋಡ್ದೆ ಕೊಟ್ಟೋನಲ್ಲ ನಾನು. ಇದ್ನ ಸ್ಟಾರ್ಟ್ ಮಾಡು, ಈ ಕಣದಾಗೆ ಒಂದು ಸುತ್ತು ಒಡಿ. ಆಮೇಕೆ ಯಾಪಾರ."

ಇದೇನು ಮಹಾ ಅಂದುಕೊಂಡೆ. ಮೊದಲು ಸ್ಟ್ಯಾಂಡಿನಿಂದ ಇಳಿಸುವಾಗಲೇ ಅದು ನನ್ನನ್ನು ತನ್ನ ಕಡೆಗೆ ಎಳೆದುಕೊಂಡಿತು. ಆಮೇಲೆ ಒದೆಯಲು ಶುರು ಮಾಡಿದೆ. ಒಂದು, ಎರಡು, ಹತ್ತು. ಅಂಗಿ ಬೆನ್ನಿಗೆ ಅಂಟಿತು. ಸಿಟ್ಟಿನಿಂದ ಇನ್ನೊಂದು ಜಾಡಿಸಿದೆ. ಕಿಕ್ ರಾಡು ತಿರುಗಿ ನನ್ನ ಮೊಣಕಾಲ ಕೆಳಗೇ ಒದೆಯಿತು. ನಾನು ಒಂಟಿ ಕಾಲಲ್ಲಿ ಕುಣಿಯುವುದನ್ನು ಹಸುಗಳು ಮೆಲುಕು ನಿಲ್ಲಿಸಿ ನೋಡಿದವು. ಯಜಮಾನರು ನಗಲಿಲ್ಲ. ಒಳಗೆ ಹೋಗಿ ಒಂದು ಚೆಂಬು ಮಜ್ಜಿಗೆ ತಂದು ಕೊಟ್ಟರು.

"ಕುಡ್ಕೊಂಡು ಓಗು. ಬರೋ ಬಾನುವಾರ ಬಾ. ಬ್ಯಾರೆಯೋರ್ಗೆ ಕೊಡಾಕಿಲ್ಲ."

ಎರಡನೇ ಭಾನುವಾರ ಹೆಂಡತಿಯೂ ಹೊರಟಳು. "ನಿಮ್ಮನ್ನ ಒದ್ದಿದ್ದು ಯಾವ ಗಾಡಿ ಅಂತ ನಾನೂ ನೋಡ್ಬೇಕು," ಅಂದಳು. ದಾರಿಯ ಏರುಗಳಲ್ಲೆಲ್ಲ ಇಳಿದು ಹತ್ತಿ ನಾವು ತಲುಪುವಷ್ಟರಲ್ಲಿ ಬಿಸಿಲೇರಿತ್ತು. ನಾನು ಮತ್ತೆ ಒದೆಯತೊಡಗಿದೆ. ಅವಳು ಯಜಮಾನರ ಪಕ್ಕ ನಿಂತು, ಹ್ಯಾಂಡಲ್ ನಡುವೆ ಇದ್ದ ಪುಟ್ಟ ಮೀಟರನ್ನು ಬಗ್ಗಿ ನೋಡಿದಳು.

"ಈ ಸೂಜಿ ಯಾಕೆ ಹಿಂದೆ ಮುಂದೆ ಹೋಗುತ್ತೆ, ತಾತ?"

ಯಜಮಾನರ ಮುಖ ಅರಳಿತು. "ನಿನ್ ಗಂಡ ಇದ್ನ ಕೇಳ್ಳೇ ಇಲ್ಲ ನೋಡವ್ವ," ಅಂದು ಅವಳಿಗೇ ಬಿಡಿಸಿ ಹೇಳಿದರು. ಕಿಕ್ ರಾಡನ್ನು ಮೆಲ್ಲಗೆ ಒತ್ತುತ್ತಾ ಸೂಜಿ ನಡುವಿಗೆ ಬರುವವರೆಗೆ ಕಾಯಬೇಕು. ಬಂದ ಮೇಲೆ ಎಡಗೈಯ ಸಣ್ಣ ಲಿವರ್ ಹಿಡಿದು ಒಂದಿಷ್ಟು ಕೆಳಗೆ ತಳ್ಳಬೇಕು, ಒಳಗಿನ ಗಾಳಿ ಹೊರಗೆ ಹೋಗುತ್ತದೆ. ಲಿವರ್ ಬಿಡಬೇಕು. ಆಮೇಲೆ ಒದೆಯಬಾರದು, ಮೈಭಾರ ಬಿಡಬೇಕು, ಅಷ್ಟೇ.

ದಿನವಿಡೀ ಸೂಜಿ ನೋಡುವುದೇ ಅವಳ ಕೆಲಸ. ನನ್ನ ಪಕ್ಕ ಬಂದು ನಿಂತಳು. "ನಿಧಾನ. ಇನ್ನೂ ಬಂದಿಲ್ಲ. ಇನ್ನೂ ಸ್ವಲ್ಪ. ಸಾಕು, ನಿಲ್ಸಿ. ಲಿವರ್ ಹಿಡೀರಿ. ಬಿಡಿ. ಈಗ."

ಮೈಭಾರ ಬಿಟ್ಟೆ. ಗಾಡಿ ಒಮ್ಮೆ ಕೆಮ್ಮಿ, ಧಡಧಡ ಅಂತ ಎದ್ದಿತು. ಕೋಳಿಗಳು ಚದುರಿದವು. ಹ್ಯಾಂಡಲಿನಿಂದ ಭುಜದವರೆಗೆ ಏರಿದ ಆ ನಡುಕ ಇವತ್ತಿಗೂ ನನಗೆ ನೆನಪಿದೆ. ಬೇರೆ ಯಾರದೋ ಗಾಡಿಯಾಗಿದ್ದರೂ ಆ ಕ್ಷಣದಲ್ಲಿ ಅದು ನನ್ನದು ಅನಿಸಿಬಿಟ್ಟಿತು.

ಓಡಿಸುವುದು ಬೇರೆ ಕಥೆ. ಅದರಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಕಾಲಿಗೆ ಯಾವ ಕೆಲಸವೂ ಇಲ್ಲದ ಗಾಡಿಯಿಂದ ಬಂದ ನನಗೆ ಎರಡೂ ಕಾಲು ಬೇರೆಯವರವು ಅನಿಸಿತು. ಕಣದಲ್ಲಿ ಮುಕ್ಕಾಲು ಸುತ್ತು ಬಂದೆ. ಎದುರಿಗೆ ಹುಲ್ಲಿನ ಮೆದೆ ಬಂತು. ಬ್ರೇಕೆಂದು ಗೇರು ತುಳಿದೆ. ಗಾಡಿ ಮೆದೆಯೊಳಗೆ ಮೂತಿ ತೂರಿಸಿ ಆರಿಹೋಯಿತು. ನನ್ನ ತಲೆ ತುಂಬ ರಾಗಿ ಹುಲ್ಲು. ಈ ಸಲ ಯಜಮಾನರು ಟವೆಲ್ ಬಾಯಿಗೆ ಒತ್ತಿಕೊಂಡು ನಕ್ಕರು. ಹೆಂಡತಿ ಕಣದ ಕಲ್ಲಿನ ಮೇಲೆ ಕೂತುಬಿಟ್ಟು ನಕ್ಕಳು.

"ಮೆದೆ ಇಲ್ಲಿ ಒಟ್ಟಿದ್ದೇ ಒಳ್ಳೇದಾಯ್ತು. ಬಾವಿ ಆ ಕಡೆ ಐತೆ," ಅಂದರು ಯಜಮಾನರು.

ಆ ವಾರವಿಡೀ ನಾನು ಕಾರ್ಖಾನೆಯಲ್ಲಿ ಲೇತಿನ ಮುಂದೆ ನಿಂತು ಕಾಲಿಗೆ ಪಾಠ ಹೇಳಿದೆ. ಬಲಗಾಲು ಮೇಲೆ ಎತ್ತಿದರೆ ಒಂದನೇ ಗೇರು, ಒತ್ತಿದರೆ ಎರಡು, ಮೂರು, ನಾಲ್ಕು. ಎಡಗಾಲು ಬ್ರೇಕು. ಪಕ್ಕದ ಲೇತಿನ ಗೆಳೆಯ ಎರಡು ದಿನ ಸುಮ್ಮನೆ ನೋಡಿದ.

"ಏನ್ ಗುರು, ಡ್ಯಾನ್ಸ್ ಕಲೀತಾ ಇದ್ದೀಯಾ?"

"ಗೇರ್ ಕಣೋ."

"ಸರಿ ಮಗಾ, ಆದ್ರೆ ಸಾಹುಕಾರ್ರು ಬಂದಾಗ ನ್ಯೂಟ್ರಲ್‌ನಲ್ಲಿರು."

ಮೂರನೇ ಭಾನುವಾರವೂ ಇಬ್ಬರೂ ಹೋದೆವು. ನಾನೇ ಸೂಜಿ ನೋಡಿ ಎರಡನೇ ಸಲಕ್ಕೆ ಸ್ಟಾರ್ಟ್ ಮಾಡಿದೆ. ಕಣದಲ್ಲಿ ನಾಲ್ಕು ಸುತ್ತು ಹೊಡೆದು ಮೆದೆಯ ಮುಂದೆ ಸರಿಯಾಗಿ ನಿಲ್ಲಿಸಿದೆ. ಯಜಮಾನರು ಪಂಚೆ ಮೇಲೆತ್ತಿ ಕಟ್ಟಿ ಹಿಂದೆ ಕೂತರು.

"ಕೆರೆ ಏರಿಗಂಟ ಓಗ್ಬರಾನ ನಡಿ."

ದಾರಿಯಲ್ಲಿ ಎದುರಾದವರಿಗೆಲ್ಲ ಅವರು ಹಿಂದಿನಿಂದ ಕೈ ಎತ್ತುತ್ತಿದ್ದರು. ಈ ಗಾಡಿಯ ಹಿಂದಿನ ಸೀಟಿನಲ್ಲಿ ತಾನು ಕೂತದ್ದು ಇದೇ ಮೊದಲು ಎಂದು ನನ್ನ ಕಿವಿಯ ಹತ್ತಿರ ಬಾಗಿ ಹೇಳಿದರು. ಏರಿಯ ಮೇಲೆ ನಿಲ್ಲಿಸಲು ಹೇಳಿ, ಎಂಜಿನ್ ಆರಿಸದೆ ಸ್ವಲ್ಪ ಹೊತ್ತು ಅದರ ಸದ್ದು ಕೇಳುತ್ತಾ ಕೂತರು. "ಸರಿ, ತಗೊಂಡೋಗು. ವಾರಕ್ಕೊಂದು ಕಿತ ಚೈನು ಬಿಗಿ ಐತಾ ನೋಡು," ಅಂದರು. ನಾನು ಹೂಂ ಅಂದೆ. ಜೇಬಿನಲ್ಲಿ ತಂದಿದ್ದ ಗಾಡಿಯ ದುಡ್ಡನ್ನು ಅಲ್ಲೇ ಅವರ ಕೈಗಿಟ್ಟೆ.

ವಾಪಸು ಬಂದರೆ ಕಣದಲ್ಲಿ ನನ್ನ ಮೊಪೆಡ್ ಸುತ್ತು ಹಾಕುತ್ತಿತ್ತು. ಅದರ ಮೇಲೆ ನನ್ನ ಹೆಂಡತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ತುಟಿ ಬಿಗಿದು, ಮೆದೆಯನ್ನು ದೂರದಿಂದಲೇ ಬಳಸಿ ಹೋಗುತ್ತಿದ್ದಳು. ಯಜಮಾನರ ಸೊಸೆ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದಳು.

"ಇದೇನು?" ಅಂದೆ.

"ನೀವು ದೊಡ್ಡದ್ರಲ್ಲಿ ಹೋದ್ರೆ ಇದನ್ನ ಮನೆಗೆ ತರೋರ್ಯಾರು?" ಅಂದಳು, ನಿಲ್ಲಿಸದೆಯೇ. ನಿಲ್ಲಿಸುವುದು ಇನ್ನೂ ಬಂದಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಯಜಮಾನರು ಅವತ್ತು ಮೊಪೆಡ್ಡನ್ನು ಒಯ್ಯಲು ಬಿಡಲಿಲ್ಲ. "ಕಲ್ತ ದಿನಾನೇ ಸಿಟಿ ಒಳೀಕೆ ಬ್ಯಾಡ ಕಣವ್ವ. ಕೊಟ್ಟಿಗೇಲಿ ಜಾಗ ಐತೆ," ಅಂದರು. ಹಾಗಾಗಿ ಅವಳು ನನ್ನ ಹಿಂದೆ ಕೂತು ಮನೆಗೆ ಬಂದಳು. ದಾರಿಯುದ್ದಕ್ಕೂ ಯಾವ ಏರಿನಲ್ಲೂ ಇಳಿಯಲಿಲ್ಲ. ಆ ವಾರ ರಜೆ ಹಾಕಿ ಕಲಿಕೆಯ ಲೈಸೆನ್ಸ್ ಮಾಡಿಸಿಕೊಂಡಳು. ಹೂಡಿಗೆ ಹೋಗಿ ಇನ್ನೆರಡು ಭಾನುವಾರ ನಿಲ್ಲಿಸುವುದನ್ನೂ ತಿರುಗಿಸುವುದನ್ನೂ ಕಲಿತಳು. ಆಮೇಲೆ ಒಂದು ಮುಂಜಾನೆ, ರಸ್ತೆ ಖಾಲಿ ಇರುವಾಗ, ಮುಂದೆ ಕೆಂಪು ಎಲ್ ಬೋರ್ಡು ಕಟ್ಟಿದ ಮೊಪೆಡ್, ಹಿಂದೆ ಅದನ್ನು ಕಾಯುತ್ತಾ ನನ್ನ ಗಾಡಿ, ಹಾಗೆ ಲಗ್ಗೆರೆ ಮುಟ್ಟಿದೆವು.

ಮರುದಿನ ನಾನು ದೊಡ್ಡ ಗಾಡಿಯ ಸೀಟು ಒರೆಸಿ ಕಾದೆ. ಅವಳು ಡಬ್ಬಿಯನ್ನು ಮೊಪೆಡ್ಡಿನ ಹಿಂದೆ ಕಟ್ಟುತ್ತಿದ್ದಳು.

"ನನ್ ಶಿಫ್ಟು ಅರ್ಧ ಗಂಟೆ ಮುಂಚೆ ಅಲ್ವಾ. ನೀವು ಆರಾಮಾಗಿ ಬನ್ನಿ," ಎಂದು ಹೊರಟೇಹೋದಳು.

ಯಾರನ್ನು ಕೂರಿಸಿಕೊಳ್ಳಲೆಂದು ಅಷ್ಟು ಒದೆ ತಿಂದೆನೋ ಅವಳೇ ಮುಂದೆ ಹೋಗುತ್ತಿದ್ದಳು. ಸ್ವಲ್ಪ ಪೆಚ್ಚಾದೆ, ಸುಳ್ಳು ಹೇಳುವುದಿಲ್ಲ. ಆದರೆ ತಿರುವಿನಲ್ಲಿ ಅವಳು ಕೈ ಚಾಚಿ ಸಿಗ್ನಲ್ ಕೊಟ್ಟು ತಿರುಗಿದ್ದನ್ನು ಕಂಡು, ಪಕ್ಕದ ಮನೆಯವರಿಗೆ ಕೇಳುವಂತೆ, "ನೋಡಿದ್ರಾ?" ಅಂದೆ.

ನನ್ನ ಹಿಂದಿನ ಸೀಟು ಬಹಳ ದಿನ ಖಾಲಿ ಉಳಿಯಲಿಲ್ಲ. ನಮ್ಮ ಕಾರ್ಖಾನೆಯ ಸ್ಟೋರ್ ಕೀಪರ್ ಅದೇ ದಾರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಅವರನ್ನು ಹತ್ತಿಸಿಕೊಂಡೆ. ಅವರಿಗೆ ಮಾತಿನ ಚಟ. ಬಸ್ ಸ್ಟಾಪಿನಿಂದ ಕಾರ್ಖಾನೆಯ ಗೇಟಿನವರೆಗೆ ಒಂದೇ ಸಮನೆ ಏನೇನೋ ಹೇಳುತ್ತಿದ್ದರು. ಎಂಜಿನ್ ಸದ್ದಿನಲ್ಲಿ ಅರ್ಧವೂ ಕೇಳಿಸದೆ, ನಾನು ಗೇರು ಬದಲಿಸಿದಾಗಲೆಲ್ಲ ಒಂದೊಂದು ಹೂಂ ಸೇರಿಸುತ್ತಿದ್ದೆ.