ಕೊಟ್ರಯ್ಯನ ಎಡಗೈ ಮತ್ತು ಬೂಗಿ-ವೂಗಿ

ಹೊಸಪೇಟೆಯಿಂದ ಕಂಪ್ಲಿಯವರೆಗೆ ನಮ್ಮ ಕೊಟ್ರಯ್ಯನ ಕೈಗೆ ಸಿಕ್ಕಿಯೂ ಹಾಡದೆ ಉಳಿದ ವಾದ್ಯ ಒಂದೂ ಇಲ್ಲ. ಅವನು ಹಾರ್ಮೋನಿಯಂ ಮುಂದೆ ಕೂತರೆ ಕಾಲುವೆಯ ಕಪ್ಪೆಗಳು ಕೂಡ ವಟಗುಟ್ಟುವುದನ್ನು ನಿಲ್ಲಿಸಿ ಶ್ರುತಿ ಸರಿಮಾಡಿಕೊಳ್ಳುತ್ತವೆ. ಕಮಲಾಪುರದ ಕಡೆಯ ಒಂದು ರೆಸಾರ್ಟಿನ ಮ್ಯಾನೇಜರ್ ಕನಕರಾಜನ ಮುಂದೆ ಹೀಗೆ ಹೇಳಿದವನು ನಾನೇ. "ಪಿಯಾನೋ ಏನ್ ಮಹಾ ಬಿಡ್ರಿ, ಎಂಟು ದಿನದ ಮಾತು" ಎಂದೂ ಸೇರಿಸಿದ್ದೆ.

ಊಟದ ಹೊತ್ತಿಗೆ ಅಲ್ಲಿ ಪಿಯಾನೋ ನುಡಿಸುವ ಆ ಕೆಲಸ ಕೊಟ್ರಯ್ಯನಿಗೆ ಬೇಕೇಬೇಕಿತ್ತು. ಮೂವತ್ತೆಂಟು ವರ್ಷ ಭಜನೆಗೆ ಹಾರ್ಮೋನಿಯಂ ಪೆಟ್ಟಿಗೆ ನುಡಿಸಿದವನು. ಮದುವೆಗೆ ಕರೆಯುವುದನ್ನು ಜನ ಎಂದೋ ಬಿಟ್ಟಿದ್ದರು. ಹೋದ ವರ್ಷದಿಂದ ಹೆಣದ ಮುಂದಿನ ಭಜನೆಗೂ ಪೆನ್‌ಡ್ರೈವ್ ಬಂದಿತ್ತು. ಸತ್ತವರಿಗೂ ಬೇಡವಾದ ಮೇಲೆ ಅವನಿಗೆ ಉಳಿದದ್ದು ಆ ರೆಸಾರ್ಟಿನಲ್ಲಿ ಊಟಕ್ಕೆ ಕೂರುವವರ ಕಿವಿ ಮಾತ್ರ.

ಕನಕರಾಜ ಮೂರು ತಿಂಗಳ ಗಡುವು ಕೊಟ್ಟ. "ನಮ್ಮ ಗೆಸ್ಟುಗಳಿಗೆ ಅಮೆರಿಕದ ಬ್ಲೂಸ್ ಹಾಡು ಬೇಕ್ರಿ ಅಯ್ಯಾರ, ಅದರಾಗೂ ಕುಣಿಸೋ ಅಂಥ ಬೂಗಿ-ವೂಗಿ."

"ಬೂಗಿ-ಗೀಗಿ ಅನ್ನಬೇಕಲ್ರಿ?" ಎಂದ ಕೊಟ್ರಯ್ಯ. ಊಟ-ಗೀಟ, ಕಾಫಿ-ಗೀಫಿ ಎನ್ನುವ ನಾಲಿಗೆ ಅದು.

ರೆಸಾರ್ಟಿನ ಊಟದ ಹಾಲ್ ಖಾಲಿ ಇರುವಾಗ ಅಲ್ಲಿಯ ಪಿಯಾನೋ ಮುಂದೆ ಕೂತು, ಮೊಬೈಲ್ ನೋಡಿ ಕಲಿಯತೊಡಗಿದ. ಎಡಗೈ ರೈಲಿನಂತೆ ಒಂದೇ ಲಯದಲ್ಲಿ ಓಡುತ್ತಲೇ ಇರಬೇಕು, ಬಲಗೈ ಕಿಟಕಿಯ ಪಕ್ಕ ಕೂತು ತೋಚಿದ್ದನ್ನು ಹರಟಬೇಕು, ಇಷ್ಟೇ ವಿದ್ಯೆ. ಬಲಗೈ ನಾಲ್ಕೇ ದಿನಕ್ಕೆ ಹರಟಿತು. ತೊಂದರೆ ಎಡಗೈಯದು. ಹಾರ್ಮೋನಿಯಂನಲ್ಲಿ ಎಡಗೈಗೆ ಸ್ವರವಿಲ್ಲ. ಪೆಟ್ಟಿಗೆಯ ಹಿಂದೆ ತಿದಿ ಒತ್ತಿ ಗಾಳಿ ಹಾಕುವುದಷ್ಟೇ ಅದರ ಕೆಲಸ. ಹಾಡು ಬಿಸಿಯಾಗುತ್ತಿದ್ದಂತೆ ಆ ಕೈ ತಾನಾಗಿಯೇ ಮೇಲೆದ್ದು, ಇಲ್ಲದ ತಿದಿಯನ್ನು ಹುಡುಕಿಕೊಂಡು ಹೋಗಿ ಬಯಲನ್ನು ಒತ್ತುತ್ತಿತ್ತು. ಆ ಮೂರು ತಿಂಗಳು ಅವನು ಬಯಲಿಗೆ ಹಾಕಿದ ಗಾಳಿಯಲ್ಲಿ ಸಂಡೂರಿನ ಅದಿರು ಲಾರಿಗಳ ಟೈರೆಲ್ಲ ತುಂಬಿ, ಸ್ಟೆಪ್ನಿಗೂ ಮಿಗುತ್ತಿತ್ತು.

ಮನೆಯಲ್ಲಿ ಹಲಗೆಯ ಮೇಲೆ ಸುಣ್ಣದಿಂದ ಪಿಯಾನೋ ಬರೆದುಕೊಂಡು ಕೂತ. ಹೆಂಡತಿ ಮರುಳಸಿದ್ದಮ್ಮ ಅವನ ಎಡ ಮುಂಗೈಯನ್ನು ಟವೆಲ್ಲಿನಿಂದ ಹಲಗೆಗೆ ಕಟ್ಟಿದಳು. "ಕೈ ಬ್ಯಾನಿ ಆದ್ರ ಹೇಳ್ರಿ" ಎಂದಳು. ಅವನು ಹೇಳಲಿಲ್ಲ. ಮುಂಗೈ ಬಾತುಕೊಂಡಿತು.

ಪರೀಕ್ಷೆಯ ದಿನ ಬೆಳಿಗ್ಗೆ ಊಟದ ಹಾಲ್‌ನಲ್ಲಿ ನಾನೂ ಇದ್ದೆ. ರೈಲು ಹೊರಟಿತು. ಕನಕರಾಜನ ಬೂಟು ತಾಳ ಹಾಕತೊಡಗಿತು. ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಕೊಟ್ರಯ್ಯ, ಭಜನೆಯಲ್ಲಿ ಮೈಮರೆಯುವಂತೆ, ಕಣ್ಣು ಮುಚ್ಚಿದ. ಎಡಗೈ ಎದ್ದಿತು. ಬಲಗೈ ಒಂಟಿಯಾಗಿ ಎರಡು ಸಾಲು ಹಾಡಿ, ನಾಚಿಕೊಂಡಂತೆ ನಿಂತಿತು. ಕೊಟ್ರಯ್ಯ ಕಣ್ಣು ಬಿಟ್ಟು ನೋಡಿದಾಗ ಅವನ ಎಡಗೈ ಇನ್ನೂ ಗಾಳಿ ಹಾಕುತ್ತಲೇ ಇತ್ತು.

"ಭಾಳ ಚಲೋ ನುಡಿಸಿದ್ರಿ ಅಯ್ಯಾರ" ಎಂದ ಕನಕರಾಜ, ಪಿಯಾನೋದ ಮುಚ್ಚಳ ಹಾಕುತ್ತಾ. "ಆದ್ರ ಇದಕ್ಕ ಎರಡೂ ಕೈ ಬೇಕ್ರಿ."

ಬಸ್ಸಿಗಾಗಿ ಬಿಸಿಲಲ್ಲಿ ನಿಂತೆವು. ಅವನು ಬಾತ ಮುಂಗೈಯನ್ನು ಎದೆಗೆ ಒತ್ತಿಕೊಂಡಿದ್ದ. ಇನ್ನು ಅವನನ್ನು ಕರೆಯುವವರು ಯಾರೂ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಸುಮ್ಮನಿರಲಾರದ ನಾನು, "ಲೇ ಕೊಟ್ರಾ, ಎಡಗೈನೇ ಕೈ ಕೊಡ್ತಲ್ಲೋ" ಎಂದೆ.

"ಅದು ಕೈ ಕೊಟ್ಟಿಲ್ಲಲೇ" ಎಂದ. "ಉಸುರು ಹಾಕಲಾರದ ಏನಾದ್ರೂ ಹಾಡತೈತಿ ಅಂದ್ರ ಅದು ನಂಬವಲ್ದು. ಉಸುರು ತಗೊಳ್ಳಲಾರದ ಕೊಚ್ಚೋ ನಿನ್ನ ಬಾಯಿ ಅದು ನೋಡಿದ್ದಿಲ್ಲ ಅಂತ ಕಾಣತೈತಿ."