ಬಾಗಿಲು ತೆಗೆಯುತ್ತಿದ್ದವಳು

ಕಳೆದ ವಾರ ಆಫೀಸಿನ ವಾಶ್‌ರೂಮಿನಲ್ಲಿ ಕೇರಳದ ಸಹೋದ್ಯೋಗಿಯೊಬ್ಬಳು ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಕಣ್ಣಿನ ಕಾಡಿಗೆ ಒರೆಸಿಕೊಳ್ಳುತ್ತಿದ್ದಳು. ಕೊಬ್ಬರಿ ಎಣ್ಣೆಯ ವಾಸನೆ ನನಗೆ ಹೊಸದಲ್ಲ. ಆದರೆ ಎಣ್ಣೆಯಲ್ಲಿ ನೆಂದ ಹತ್ತಿಯ ವಾಸನೆ ಬೇರೆ. ಅದು ಎದುರು ಫ್ಲಾಟಿನ ಆಯಿಯದು.

ಆಗ ನಾವು ಕತಾರಿನಲ್ಲಿ, ದೋಹಾ ಅಲ್ ಜದೀದಾ ಬಡಾವಣೆಯಲ್ಲಿದ್ದೆವು. ನಾನು ಶಾಲೆಯ ಕೊನೆಯ ವರ್ಷದಲ್ಲಿದ್ದೆ. ಆಯಿಯ ಮಗ ಮೆಸಯೀದಿನ ಕಾರ್ಖಾನೆಯಲ್ಲಿ ಟೆಕ್ನಿಶಿಯನ್. ನಸುಕಿನಲ್ಲಿ ಕಂಪನಿ ಬಸ್ಸು ಹತ್ತಿದರೆ ಮನೆಗೆ ಬರುವುದು ಸಂಜೆಗೇ. ಗದಗಿನ ಕಡೆಯ ಆಯಿ ಅರ್ಧ ಆಯುಷ್ಯ ನಾಟಕ ಕಂಪನಿಯಲ್ಲಿ ಕಳೆದವರು. ನಾಯಕಿಯಾಗಿ ಅಲ್ಲ; ಅತ್ತೆ, ಸೂಲಗಿತ್ತಿ, ನೆರೆಮನೆಯ ಜಗಳಗಂಟಿ... ಬಣ್ಣ ಹಚ್ಚುವುದು ನಿಂತು ಎಷ್ಟೋ ಕಾಲವಾಗಿದ್ದರೂ ಸಂಜೆಯಾಯಿತೆಂದರೆ ಎಣ್ಣೆ ಹತ್ತಿಯಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಹತ್ತಿ ಬೆಳ್ಳಗೇ ಇರುತ್ತಿತ್ತು. ಆದರೂ ಎಸೆಯುವ ಮೊದಲು ಅದನ್ನೊಮ್ಮೆ ತಿರುಗಿಸಿ ನೋಡುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ಇಂಗ್ಲಿಷ್ ಚಾನೆಲ್ಲಿನಲ್ಲಿ ಹಾಲಿವುಡ್ಡಿನ ಹಳೆಯ ಕಪ್ಪು ಬಿಳುಪು ಚಿತ್ರಗಳು ಬರುತ್ತಿದ್ದವು. ಮಾತಿನ ಅರ್ಥ ಹೇಳಲು ಆಯಿ ನನ್ನನ್ನು ಕರೆಯುತ್ತಿದ್ದರು. ಮೊದಲ ದಿನ ನಾನು ಶ್ರದ್ಧೆಯಿಂದ ನಾಯಕಿಯ ಮಾತುಗಳನ್ನೆಲ್ಲ ಕನ್ನಡಕ್ಕೆ ತರುತ್ತಿದ್ದೆ. ಆಯಿ ಕೈ ಅಡ್ಡ ಮಾಡಿದರು.

“ಆಕಿನ್ನ ಬಿಡವಾ, ಚಂದ ಅದಾಳ, ಆಕಿಗೇನ ಚಿಂತಿ? ಬಾಗಿಲಾ ತಗದ್ಲಲ್ಲ, ಆಕಿನ್ನ ನೋಡು.”

ನೋಡಿದೆ. ಮನೆಗೆಲಸದವಳ ಪಾತ್ರ. ಬಾಗಿಲ ಬಳಿ ಬಂದವಳು ಮಣಿಕಟ್ಟಿನ ಹಿಂಬದಿಯಿಂದ ಮುಂಗೂದಲು ಸರಿಸಿ, ಆಮೇಲೆ ಚಿಲಕಕ್ಕೆ ಕೈ ಹಾಕಿದಳು. “ಕೈ ಒದ್ದಿ ಅದಾವ, ಒಳಗ ಪಾತ್ರಿ ತೊಳೀತಿದ್ಲು,” ಎಂದರು ಆಯಿ. “ಇದನ್ನ ಆಕಿಗೆ ಯಾರೂ ಹೇಳಿಕೊಟ್ಟಿರಂಗಿಲ್ಲ. ತಾನಽ ಮಾಡ್ಕೊಂಡಾಳ.”

ಅಂದಿನಿಂದ ನಾವು ಆ ನಟಿಯನ್ನು ಚಿತ್ರದಿಂದ ಚಿತ್ರಕ್ಕೆ ಹಿಂಬಾಲಿಸಿದೆವು. ಒಂದು ವಾರ ಅಡುಗೆಯವಳು, ಇನ್ನೊಂದು ವಾರ ನರ್ಸು, ಮತ್ತೊಂದು ವಾರ ಬಾಡಿಗೆದಾರರನ್ನು ಗದರಿಸುವ ಮನೆಯೊಡತಿ. ಚಿತ್ರದ ಕೊನೆಯಲ್ಲಿ ಹೆಸರುಗಳು ಬರುವ ಮೊದಲೇ ಚಾನೆಲ್ಲಿನವರು ವಾರ್ತೆ ಶುರು ಮಾಡುತ್ತಿದ್ದರು. ಹಾಗಾಗಿ ಅವಳ ಹೆಸರು ನಮಗೆ ತಿಳಿಯಲೇ ಇಲ್ಲ. ಆಯಿ ಅವಳನ್ನು ‘ಬಾಗಿಲವ್ವ’ ಎಂದು ಕರೆದರು.

ನಾಯಕ ನಾಯಕಿಯ ಹತ್ತಿರ ಬಂದರೆ ಸಾಕು, ಅಲ್ಲಿನ ಟಿ.ವಿ. ಆ ದೃಶ್ಯವನ್ನೇ ಕತ್ತರಿಸುತ್ತಿತ್ತು. ಚಿತ್ರ ಕುಪ್ಪಳಿಸಿ ಮುಂದೆ ಹೋಗುತ್ತಿತ್ತು. ಬಾಗಿಲವ್ವನ ದೃಶ್ಯಗಳು ಮಾತ್ರ ಇಡಿಯಾಗಿ ಉಳಿಯುತ್ತಿದ್ದವು. ಆಯಿಗೆ ಇದಕ್ಕಿಂತ ದೊಡ್ಡ ಖುಷಿ ಇರಲಿಲ್ಲ. “ಹೀರೋಯಿನ್ ಖಲಾಸ್! ನಮ್ಮವ್ವಗ ಕತ್ರಿ ಮುಟ್ಟಂಗಿಲ್ಲ. ಅಡಿಗಿಯಾಕಿಗೆ ಯಾರ ಮುತ್ತು ಕೊಡ್ತಾರ?”

ಆಮೇಲೆ ಒಂದು ಚಿತ್ರ ಬಂತು. ಅದರಲ್ಲಿ ಬಾಗಿಲವ್ವನ ಕೆನ್ನೆ ಬತ್ತಿತ್ತು, ಕುತ್ತಿಗೆಯ ಎಲುಬು ಎದ್ದಿತ್ತು. ಒಂದೇ ಒಂದು ಮಾತು, ಅದೂ ಒಡಕು ದನಿಯಲ್ಲಿ. ಮುಂದಿನ ಶುಕ್ರವಾರ ಅವಳು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ತಿಂಗಳುಗಳೇ ಕಳೆದವು. ಆಯಿ ಟಿ.ವಿ. ಮುಂದೆ ಕೂರುತ್ತಿದ್ದರು, ಮಾತು ಮಾತ್ರ ಕಡಿಮೆಯಾಯಿತು.

ಒಂದು ದಿನ ಅಕ್ಕಿ ಆರಿಸುತ್ತಾ ಹೇಳಿದರು. ಕಂಪನಿಯಲ್ಲಿ ಅವರ ಗಂಟಲು ಒಡೆದ ಮೇಲೆ ಮಾಲೀಕರು ಅವರನ್ನು ಅಡುಗೆಗೆ ಹಾಕಿದ್ದರಂತೆ. ಪರದೆಯ ಹಿಂದೆ ರೊಟ್ಟಿ ಬಡಿಯುತ್ತಾ, ತಮ್ಮ ಮಾತುಗಳನ್ನು ಇನ್ನೊಬ್ಬಳ ಬಾಯಲ್ಲಿ ಕೇಳುತ್ತಿದ್ದರಂತೆ. “ಆಕೀನೂ ಹಂಗಽ ಆಗಿರಬೇಕು, ತಂಗಿ. ನಾಟಕದಾಗಿನ ಅಡಿಗಿ ಬ್ಯಾರೆ, ಖರೇನ ಅಡಿಗಿ ಬ್ಯಾರೆ...”

ನಾನು ಮೊರವನ್ನು ನನ್ನತ್ತಲೂ ಎಳೆದುಕೊಂಡೆ. ಅವರ ಜೊತೆ ಅಕ್ಕಿ ಆರಿಸಿದೆ.

ಆ ಬೇಸಿಗೆ ಮಗನ ಕಾಂಟ್ರಾಕ್ಟ್ ಮುಗಿದು ಅವರು ಊರಿಗೆ ಹೊರಟರು. ಟಿ.ವಿ. ಮಾರಿಯಾಗಿದ್ದರಿಂದ ಕೊನೆಯ ಶುಕ್ರವಾರ ಆಯಿ ನಮ್ಮ ಮನೆಗೆ ಬಂದರು. ಅಂದಿನದು ಬಣ್ಣದ ಚಿತ್ರ. ನಾನು ನಿರೀಕ್ಷೆಯಿಲ್ಲದೆ ನೋಡುತ್ತಿದ್ದೆ. ಒಂದು ದೊಡ್ಡ ಬಂಗಲೆ, ಕರೆಗಂಟೆ ಸದ್ದು ಮಾಡಿತು, ಆಳೊಬ್ಬ ಹೋಗಿ ಬಾಗಿಲು ತೆಗೆದ. ಹೊರಗೆ ತುಪ್ಪಳದ ಕೋಟು ತೊಟ್ಟ, ಬಿಳಿಗೂದಲ ಮುದುಕಿ. ಒಳಗೆ ಕಾಲಿಡುವ ಮುನ್ನ ಅವಳು ಮಣಿಕಟ್ಟಿನ ಹಿಂಬದಿಯಿಂದ ಮುಂಗೂದಲು ಸರಿಸಿದಳು.

ಆಯಿ ಎದ್ದೇ ನಿಂತರು. “ಬಂದ್ಲಲ್ಲವಾ! ಬಾಗಿಲವ್ವ ಬಂದ್ಲು! ಆಕಿಗೇ ಬಾಗಿಲಾ ತಗ್ಯಾಕ್ಹತ್ಯಾರ, ನೋಡು!”

ಮಗ ನಮ್ಮ ಬಾಗಿಲಲ್ಲಿ ನಿಂತು, “ಅವ್ವಾ, ಯಲ್ಲಾ, ನಡೀ ಲಗೂನ, ಪ್ಯಾಕಿಂಗ್ ಉಳದೈತಿ,” ಎಂದ.

“ನಿಂದ್ರೋ! ಇಷ್ಟ ದಿನ ಆಕಿ ನಿಂತಾಳ, ನಿನಗೇನಾಗೇತಿ?” ಆಯಿ ತೊಡೆ ತಟ್ಟಿ ನಗುತ್ತಿದ್ದರು, ಕಣ್ಣಲ್ಲಿ ನೀರು. “ದಪ್ಪ ಆಗ್ಯಾಳ, ನೋಡು ತಂಗಿ! ಉಂಡಾಳ... ಛಲೋ ಉಂಡಾಳ!”

ಆ ಮುದುಕಿ ಚಿತ್ರದುದ್ದಕ್ಕೂ ಎಲ್ಲರನ್ನೂ ಗದರಿಸಿದಳು. ನಾಯಕ ತಲೆ ತಗ್ಗಿಸಿ ಕೇಳಿಸಿಕೊಂಡ. ಕೊನೆಗೆ ಎಂದಿನಂತೆ ವಾರ್ತೆ ಬಂತು. ಈ ಸಲವೂ ಹೆಸರು ತಪ್ಪಿತಲ್ಲ ಎಂದು ನಾನು ಪೇಚಾಡಿದೆ. “ಹೆಸರು ತಗೊಂಡ ಏನ್ಮಾಡ್ತಿ? ಕೆಲಸ ಇತ್ತಲ್ಲ ಆಕಿಗೆ,” ಎಂದರು ಆಯಿ. ಆ ಸಂಜೆ ಅವರು ಮುಖ ಒರೆಸಿಕೊಂಡರೋ ಇಲ್ಲವೋ... ನಾನು ನೋಡಲಿಲ್ಲ.

ಹತ್ತಿಯ ವಾಸನೆ ಬಂದ ದಿನವೇ ಅಪ್ಪನಿಗೆ ಹೇಳಿ ಆಯಿಯ ಮಗನಿಗೆ ಫೋನ್ ಮಾಡಿಸಿದೆ. ಆಯಿ ಹೋದ ವರ್ಷವೇ ತೀರಿಕೊಂಡಿದ್ದರು. ಅಪ್ಪ ರಿಸೀವರನ್ನು ನನ್ನ ಕೈಗಿತ್ತರು. ಅತ್ತಲಿಂದ ಮಗನೇ ಹೇಳಿದ: ಓಣಿಯ ಹೆಣ್ಣುಮಕ್ಕಳು ಕೂಡಿ ನಾಟಕ ಮಾಡುತ್ತಿದ್ದರಂತೆ, ಆಯಿ ಅತ್ತೆಯ ಪಾತ್ರವನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲವಂತೆ.

“ದನಿ?” ಎಂದೆ.

“ದನಿ ಒಡದಽ ಇತ್ರಿ. ಜಗಳಗಂಟಿ ಅತ್ತೀ ಪಾತ್ರಕ್ಕ ಅದಽ ಛಲೋ ಅಂತಿದ್ಲು,” ಎಂದು ಅವನು ನಕ್ಕ. “ಕಡೀಕ ಭಾಳ ದಪ್ಪ ಆಗಿದ್ಲು ನೋಡ್ರಿ ಅವ್ವ,” ಎಂದ.

ರಿಸೀವರ್ ಇಟ್ಟೆ. ಆಯಿ ಇಲ್ಲ. ಆದರೂ ಊರಿಗೆ ಹೋದ ಮೇಲೆ ಅವರು ಹೇಗಿದ್ದರೋ ಎಂದು ಬಹಳ ದಿನದಿಂದ ಇದ್ದ ಅಳುಕು ಕಳೆಯಿತು. ಉಂಡಿದ್ದಾರೆ. ಚೆನ್ನಾಗಿಯೇ ಉಂಡಿದ್ದಾರೆ.